ಪಂಚಾಂಗದಲ್ಲಿಲ್ಲದ ಬುಧ

ವಿಲೆ ಪಾರ್ಲೆ
೧೭ ಜುಲೈ ೨೦೧೬

ಪ್ರೀತಿಯ ಲಾವಣ್ಯಾ,

ಅಮ್ಮನೂ ನಾನೂ ಇಲ್ಲಿ ಹೇಗೋ ಇದ್ದೇವೆ. ನಿನ್ನ ಮೈ ಈಗ ಹೇಗಿದೆ? ನೀನು ಫೋನಿನಲ್ಲಿ ಕಳಿಸಿದ ಒಂದೇ ಸಾಲಿಗೆ ಉತ್ತರಿಸಲು ಇಷ್ಟು ದಿನ ಹಿಡಿಯಿತು, ಬೇಸರಿಸಬೇಡ. ಕರೆ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಹಾಗಾಗಿ ಕಾಗದ.

"ನಾನು ಅದನ್ನು ನೋಡಬಾರದಿತ್ತಾ?" ಎಂದು ಕೇಳಿದ್ದಿ.

ಮೇ ತಿಂಗಳ ಆ ಸಂಜೆಯ ಫೋಟೊಗಳು ಇನ್ನೂ ಕ್ಯಾಮೆರಾದಲ್ಲೇ ಇವೆ. ಟೆರೇಸಿನಲ್ಲಿ ಲೆನ್ಸಿಗೆ ಕಪ್ಪು ಫಿಲ್ಟರ್ ಕಟ್ಟಿ, ಸೂರ್ಯನ ಮೇಲೆ ಬುಧ ಗ್ರಹ ಚುಕ್ಕೆಯಾಗಿ ಹಾದುಹೋಗುವುದನ್ನು ಹಿಡಿಯುತ್ತಿದ್ದೆ. ಏಳು ತಿಂಗಳ ಬಸುರಿ ನೀನು ಮೇಲೆ ಬಂದು ಕ್ಯಾಮೆರಾದ ಪರದೆಗೆ ಬಗ್ಗಿದೆ. "ಇದು ಧೂಳು ಅಲ್ವಾ?" ಎಂದು ಸೆರಗಿನಿಂದ ಒರೆಸಿದೆ. ಚುಕ್ಕೆ ಹೋಗಲಿಲ್ಲ. "ಇಷ್ಟೇಯಾ? ಇಷ್ಟಕ್ಕೆ ರಜೆ ಹಾಕಿದ್ದಾ ಮಾರಾಯ್ರೆ?" ಎಂದು ನೀನು ನಕ್ಕೆ.

ನೀನು ಸುಮ್ಮನೆ ಬಂದವಳೂ ಅಲ್ಲ. ಅಮ್ಮ ಪಂಚಾಂಗ ತೆಗೆದು, ಆ ದಿನದ ಸಾಲಿನ ಮೇಲೆ ಬೆರಳಾಡಿಸಿ, "ದಾಲಾ ಇಜ್ಜಿ, ಏನೂ ಇಲ್ಲ. ಗ್ರಹಣ ಅಲ್ಲ, ಸೂತಕ ಇಲ್ಲ. ಹೋಗಿ ನೋಡಿ ಬಾ ಮಗಾ" ಎಂದ ಮೇಲೆ ಬಂದವಳು.

ಅದೇ ವಾರ ಮಗು ಹೊಟ್ಟೆಯಲ್ಲೇ ಹೋಯಿತು. ನಲವತ್ತು ದಾಟಿದ ಮೇಲೆ ನಿಂತ ಮೊದಲ ಮಗು. ಆಸ್ಪತ್ರೆಯಿಂದಲೇ ನಿನ್ನ ಅಣ್ಣ ನಿನ್ನನ್ನು ಮೂಲ್ಕಿಗೆ ಕರೆದೊಯ್ದ. ಅಂದಿನಿಂದ ಅಮ್ಮ ಪಂಚಾಂಗ ಕೈಬಿಟ್ಟಿಲ್ಲ. "ಬುಧನದ್ದು ನಮ್ಮದರಲ್ಲಿ ಬಿಟ್ಟುಹೋಗಿರ್ಬೇಕು. ಬೇರೆಯವರದ್ದರಲ್ಲಿ ಇದ್ದೇ ಇರ್ತದೆ" ಎಂದು ನನ್ನನ್ನು ದಾದರಿಗೆ ಕಳಿಸಿದರು. ಅಂಗಡಿಯವನು, "ಆಧಾ ಸಾಲ್ ಗಯಾ ಸೇಠ್, ಅಬ್ ಕ್ಯಾ ದೇಖೋಗೆ?" ಎಂದು ಅರ್ಧ ವರ್ಷ ಕಳೆದದ್ದಕ್ಕೆ ನಗುತ್ತ ಹಳೆಯ ಕಟ್ಟಿನಿಂದ ಮರಾಠಿಯದೊಂದು, ಗುಜರಾತಿಯದೊಂದು ಎಳೆದುಕೊಟ್ಟ. ಮರಾಠಿಯದನ್ನು ಎದುರುಮನೆಯ ವಾರಿಜಕ್ಕ ಅಮ್ಮನಿಗೆ ಓದಿ ಹೇಳಿದರು. "ಮದುವೆಗೆ ಮುಹೂರ್ತ ಉಂಟು, ಬಾವಿ ತೋಡ್ಲಿಕ್ಕೆ ಉಂಟು, ನಿಮ್ಮ ಬುಧ ಮಾತ್ರ ಇಲ್ಲ ಅಪ್ಪಿಯಕ್ಕ. ಇನ್ನು ಸಾಕು ಮಾಡಿ" ಎಂದರು. ನಾನೇ ಕಳಿಸಿದೆನಲ್ಲ ಎಂದು ಅಮ್ಮ ಊಟ ಬಿಟ್ಟರು.

ನಿನ್ನ ಪ್ರಶ್ನೆಗೆ ಉತ್ತರ ಸುಲಭದ್ದು. ನೋಡಿದ್ದರಿಂದ ಏನೂ ಆಗಿಲ್ಲ. ಡಾಕ್ಟರೂ ಅದನ್ನೇ ಹೇಳಿದರು. ಮತ್ತೆ ಯಾಕಾಯಿತೆಂದು ಕೇಳಿದ್ದಕ್ಕೆ, ಕೆಲವೊಮ್ಮೆ ಕಾರಣ ಸಿಗುವುದಿಲ್ಲ ಎಂದರು. ಇದನ್ನು ಬರೆಯಲು ಕುಳಿತಾಗಲೆಲ್ಲ, ಇದರಿಂದ ನಿನಗೆ ಸಮಾಧಾನವಾದೀತೇ ಎಂದು ಯೋಚಿಸಿ ಎದ್ದುಬಿಡುತ್ತಿದ್ದೆ.

ಮೊನ್ನೆ ಗುಜರಾತಿ ಪಂಚಾಂಗ ತೆರೆದು, ಅಮ್ಮನಿಗೂ ನನಗೂ ಓದಲು ಬಾರದ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇಲ್ಲುಂಟು ನೋಡಿ, ಬಸುರಿಯರು ನೋಡಬಾರದಂತೆ" ಎಂದೆ. ಅಮ್ಮ ಬಹಳ ಹೊತ್ತು ಆ ಸಾಲನ್ನೇ ನೋಡಿದರು. ಅಳಲಿಲ್ಲ. ಎದ್ದುಹೋಗಿ ಗಂಜಿ ಬಡಿಸಿಕೊಂಡು ಉಂಡರು.

ನಿನಗೆ ಅಂಥದೊಂದು ಸಾಲು ತೋರಿಸಲಾರೆ. ನೀನು ಗುಜರಾತಿ ಓದಬಲ್ಲೆ ಎಂಬ ಕಾರಣಕ್ಕಲ್ಲ. ನಾವಿಬ್ಬರೂ ಆ ಸಂಜೆ ಒಂದು ಸಣ್ಣ ಚುಕ್ಕೆ ನೋಡಿ ನಕ್ಕೆವು, ಅಷ್ಟೇ. ಅದಕ್ಕೆ ನಾನು ಬೇರೆ ಏನನ್ನೂ ಸೇರಿಸಲಾರೆ.

ಮಾತ್ರೆ ಬಿಡಬೇಡ. ಬರುವ ಮನಸ್ಸಾದರೆ ಹೇಳು, ಸ್ಟೇಷನ್ನಿಗೆ ಬರುತ್ತೇನೆ. ಒತ್ತಾಯವಿಲ್ಲ. ನಿನಗೆ ಒಳ್ಳೆಯದಾಗಲಿ ಎಂದು ಅಮ್ಮ ಹರಸಿದ್ದಾರೆ. ಅದರಲ್ಲಿ ನನ್ನದನ್ನೂ ಸೇರಿಸಿಕೋ.

ನಿನ್ನ
ಚೆನ್ನಯ

ತಾ.ಕ.: ಉಂಡು ಕೈ ತೊಳೆದ ಮೇಲೆ ಅಮ್ಮ, "ಗೊತ್ತಾಯ್ತಲ್ಲ, ಇನ್ನೊಂದು ಸಲ ಜಾಗ್ರತೆ ಮಾಡುವ. ಲಾವಣ್ಯಾ ಮತ್ತೆ ಬಸುರಿಯಾದಾಗ ಗುಜರಾತಿಯದನ್ನೇ ನೋಡುವ" ಎಂದರು. ರಕ್ತ ನಿಲ್ಲದೆ ನಿನ್ನ ಗರ್ಭಕೋಶವನ್ನೂ ತೆಗೆಯಬೇಕಾಯಿತೆಂದು ಅವರಿಗೆ ಹೇಳಬಾರದೆಂದು ನೀನು ಆಣೆ ಮಾಡಿಸಿದ್ದಿ. ಹೇಳಿಲ್ಲ. ಗುಜರಾತಿಯವರ ಹೊಸ ಪಂಚಾಂಗ ದೀಪಾವಳಿಗೇ ಬರುತ್ತದಂತೆ. ತರಲು ನನಗೆ ಈಗಲೇ ಹೇಳಿಟ್ಟಿದ್ದಾರೆ.