ವಾದವೂ ನಿಮ್ಮದೇ, ಪ್ರತಿವಾದವೂ ನಿಮ್ಮದೇ

ಸಿಂಡೆಲ್‌ಫಿಂಗೆನ್, ಜರ್ಮನಿ
೧೦ ಮಾರ್ಚ್ ೨೦೦೨, ರವಿವಾರ

ಪವಿಯ ಪಪ್ಪಾ ಅವರಿಗೆ,

ಮಧುಮತಿಯ ನಮಸ್ಕಾರ. ಸ್ಪೇನಿನ ಹೋಟೆಲ್ ಊಟ ಹೊಟ್ಟೆಗೆ ಹಿಡಿಸಿತೇ? ಬೆನ್ನುನೋವು ಹೇಗಿದೆ? ಸೂಟ್‌ಕೇಸಿನಲ್ಲಿ ಶರ್ಟುಗಳ ಕೆಳಗೆ ಶೇಂಗಾ ಚಟ್ನಿಪುಡಿ ಇದೆ, ನೋಡಿಕೊಳ್ಳಿ. ಹುಬ್ಬಳ್ಳಿಯಿಂದ ಮಾವನವರು ಫೋನ್ ಮಾಡಿದ್ದರು. ಕಣ್ಣಿನ ಆಪರೇಷನ್ ಆದ ಮೇಲೆ ಪೇಪರ್ ಓದುತ್ತಿದ್ದಾರಂತೆ. ನಾವಿಬ್ಬರೂ ಆರಾಮ. ಹಾಗೆ ಬರೆಯಬೇಕು, ಬರೆದೆ. ನಿಜ ಹೇಳಬೇಕೆಂದರೆ ನನಗೆ ನಿಮ್ಮ ಮೇಲೆ ವಿಪರೀತ ಸಿಟ್ಟು ಬಂದಿದೆ. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ “ಆತಾತು, ಆಮ್ಯಾಲ ಮಾತಾಡೋಣು” ಎಂದು ಇಟ್ಟುಬಿಡುತ್ತೀರಿ. ಪತ್ರದಲ್ಲಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ಸ್ಟುಟ್‌ಗಾರ್ಟಿನ ಆ ಗಿಮ್ನಾಸಿಯುಮ್ ಹೈಸ್ಕೂಲಿನಿಂದ ಟೀಚರ್ ಫ್ರೌ ಬೆಕ್ ಫೋನ್ ಮಾಡಿದ್ದರು. ಪವಿಗೆ ಸೀಟಿಲ್ಲ. ಹುಡುಗಿ ಜಾಣೆ, ಆದರೆ ಅವಳ ಸ್ವಂತ ಮಾತು ಒಂದೂ ಕೇಳಿಸಲಿಲ್ಲ ಎಂದರು. ನಮ್ಮ ಪವಿಯದು! ಈ ಬಿಲ್ಡಿಂಗಿನ ಮನೆ ಮನೆಯ ಬೆಲ್ ಒತ್ತಿ, ಸರದಿಯ ಮೇಲೆ ಮೆಟ್ಟಿಲು ಗುಡಿಸುವ ಕೇರ್‌ವೋಖೆ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಕೇಳಿ ಶಾಲೆಯ ಗೋಡೆಪತ್ರಿಕೆಗೆ ಬರೆದವಳು. ಆ ಸಿಟ್ಟಿಗೆ ಕೆಳಗಿನ ಮನೆಯ ಅಜ್ಜಿ ಈಗಲೂ ನನ್ನ ಮುಖ ನೋಡುವುದಿಲ್ಲ. ಭಾಷೆ, ಇತಿಹಾಸ, ಪತ್ರಿಕೆ, ಚರ್ಚೆ ಇವನ್ನೇ ಮುಖ್ಯವಾಗಿ ಕಲಿಸುವ ಸರ್ಕಾರಿ ಶಾಲೆ ಅದು. ಎಲ್ಲೆಲ್ಲಿಂದಲೋ ಮಕ್ಕಳು ಬರುತ್ತಾರೆ. ಇಂಥ ಹುಡುಗಿಗೆ ಅಲ್ಲಿ ಸೀಟಿಲ್ಲವೆಂದರೆ ತಪ್ಪು ಯಾರದು?

ಆ ದಿನ ಸಂದರ್ಶನದ ಕೋಣೆಯಲ್ಲಿ ನಡೆದದ್ದು ನೆನಪಿದೆಯೇ? ಅಪ್ಪ ತಾನು ನಂಬಿದ ಒಂದು ಮಾತು ಹೇಳಬೇಕು, ಮಗಳು ಅದಕ್ಕೆ ಎದುರಾಗಿ ವಾದಿಸಬೇಕು. ನೀವು, ಮಕ್ಕಳು ಗೆಳತಿಯರ ಮನೆಯಲ್ಲಿ ರಾತ್ರಿ ಉಳಿಯಬಾರದು ಎಂದಿರಿ. ಆಹಾ, ಒಳ್ಳೆಯ ವಿಷಯವನ್ನೇ ಆರಿಸಿದಿರಿ! ಅದೇ ವಾರ ಗೆಳತಿ ಲೇನಾಳ ಮನೆಗೆ ಕಳಿಸು ಎಂದು ಅವಳು ನನ್ನ ಜೊತೆ ಜಗಳವಾಡಿ, ಅತ್ತು, ವಕೀಲರಂತೆ ಕಾರಣ ಕೊಟ್ಟಿದ್ದಳು. ಅಲ್ಲಿ ಮಾತ್ರ ನಿಮ್ಮ ಬೂಟು ನೋಡುತ್ತ, ಪಪ್ಪಾ ಹೇಳಿದ್ದೇ ಸರಿ ಎಂದು ಜರ್ಮನ್‌ನಲ್ಲಿ ಹೇಳಿ ಸುಮ್ಮನಾದಳು. ಟೀಚರ್ ಮತ್ತೆ ಕೇಳಿದರು, ಮತ್ತೆ ಅದೇ ಉತ್ತರ. ಸಹಾಯ ಮಾಡುತ್ತೇನೆಂದು ನೀವೇ ಅವಳ ಪರವಾಗಿ ವಾದಿಸತೊಡಗಿದಿರಿ, ಕೊನೆಗೆ ಅದನ್ನೂ ನೀವೇ ಖಂಡಿಸಿದಿರಿ. ಟೀಚರುಗಳು ಮುಖ ಮುಖ ನೋಡಿಕೊಂಡರು. ನೀವು ಮಾತ್ರ ವಾಪಸು ಬರುವಾಗ ಎಸ್-ಬಾನ್ ರೈಲಿನಲ್ಲಿ “ನೋಡಿದೇನು, ಮಂದಿ ಮುಂದ ಎದುರ ಮಾತಾಡಲಿಲ್ಲ ನನ್ನ ಮಗಳು” ಎಂದು ಹಿಗ್ಗಿ, ಇಳಿದ ಮೇಲೆ ಅವಳಿಗೆ ಬ್ರೆಟ್ಸೆಲ್ ಬ್ರೆಡ್ಡು ಕೊಡಿಸಿದಿರಿ.

ನೀವು ಏನು ಹೇಳುತ್ತೀರೆಂದು ಗೊತ್ತು. ಇಲ್ಲಿಯ ಗ್ರೀನ್ ಕಾರ್ಡ್ ಬರೀ ಐದು ವರ್ಷದ್ದು, ಆಮೇಲೆ ಯಾವ ದೇಶವೋ ಏನೋ, ಗಣಿತ ಇದ್ದರೆ ಎಲ್ಲಾದರೂ ನಡೆಯುತ್ತದೆ. ನಡೆಯಲಿ, ಬೇಡ ಎಂದವರಾರು? ಆದರೆ ಯಾವ ದೇಶಕ್ಕೆ ಹೋದರೂ ಬಾಯಿಯಂತೂ ಜೊತೆಗೇ ಬರುತ್ತದಲ್ಲ. ಮನೆಯಲ್ಲಿ ಪಟಪಟ ಮಾತಾಡುವವಳು ನೀವು ಕೋಣೆಗೆ ಬಂದ ಕೂಡಲೇ ಮೂಕಿಯಾದರೆ ನಿಮಗೆ ಹೆಮ್ಮೆ, ನನಗೆ ಸಂಕಟ. ನಾನೂ ಹಾಗೆಯೇ ಬೆಳೆದವಳು, ಅದರ ರುಚಿ ನನಗೆ ಗೊತ್ತು.

ಈ ಪತ್ರ ಉದ್ದವಾಯಿತು, ಸ್ವಲ್ಪ ಖಾರವೂ ಆಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಭಾರ ಎತ್ತಬೇಡಿ. ಆಫೀಸಿನಿಂದ ನಿಮ್ಮ ಜೊತೆ ಬಂದ ಅಭಿನವ ಅವರಿಗೆ ನಮ್ಮಿಬ್ಬರ ನೆನಪು ತಿಳಿಸಿ.

ನಿಮ್ಮ,
ಮಧುಮತಿ

ತಾ.ಕ.: ಪೋಸ್ಟ್ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೊನ್ನೆ ಶುಕ್ರವಾರ ನಾನೊಬ್ಬಳೇ ಶಾಲೆಗೆ ಹೋಗಿ, ನನ್ನ ಹರಕು ಮುರುಕು ಜರ್ಮನ್‌ನಲ್ಲಿ ಫ್ರೌ ಬೆಕ್ ಜೊತೆ ವಾದಿಸಿ ಬಂದೆ. ಇಪ್ಪತ್ತೊಂದನೇ ತಾರೀಖು, ಗುರುವಾರ, ಪವಿಯನ್ನು ಮತ್ತೆ ಕರೆದಿದ್ದಾರೆ. ನಿಮ್ಮ ಜಾಗದಲ್ಲಿ ನಾನು ಕೂಡುತ್ತೇನೆ, ಆದರೆ ವಿಷಯ ಅದೇ, ನಿಮ್ಮ ಮಾತೇ. ಅವಳು ಒಲ್ಲೆ ಎನ್ನುತ್ತಿದ್ದಾಳೆ. “ಪಪ್ಪಾಗ ಬ್ಯಾಸರ ಆಗ್ತದ” ಎಂದಳು. ಅದರ ಹಿಂದಿನ ದಿನ, ಬುಧವಾರ ಸಂಜೆ ಫೋನ್ ಮಾಡಿ, ಅವಳಿಗೆ ಕೊಡು ಎನ್ನಿ. ಲೇನಾಳ ಮನೆಗೆ ಹೋಗಬೇಡ ಎಂದೇ ಹೇಳಿ. ಆಮೇಲೆ ಸುಮ್ಮನಿರಿ. ಅವಳು ನಿಮಗೆ ಎದುರು ಮಾತಾಡುವವರೆಗೂ ಫೋನ್ ಇಡಬೇಡಿ.