ಒಂದನೇ ಮನೆಯ ಜೆ

ನ್ಯಾಮತಿ
14-8-1987

ಪ್ರೀತಿಯ ಪ್ರೇಮಾ,

ನಿನ್ನ ಮೊಣಕಾಲು ನೋವು ಹೆಂಗಿದೆ? ಜಗಳೂರಿನ ಶಾಲೆಯಲ್ಲಿ ಈಗಲೂ ನಿಂತೇ ಪಾಠ ಮಾಡುತ್ತೀಯೋ, ಕೂರಲು ಕುರ್ಚಿ ಕೊಟ್ಟರೋ? ನಾನು ಸೌಖ್ಯ. ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಮಿಕ್ಕಿದ್ದಷ್ಟು. ಪ್ರಾಸವೇನೋ ಕೂಡಿತು, ಹೊಟ್ಟೆ ತುಂಬಲಿಲ್ಲ. ನಿಮ್ಮೂರಿಗೆ ವರ್ಗವಾದರೆ ಅದೂ ತುಂಬೀತು.

ನಿನ್ನೆ ಶಿಕ್ಷಣ ಇಲಾಖೆಯ ಸಾಹೇಬರು ನಮ್ಮ ಹೈಸ್ಕೂಲಿನ ಕಂಪ್ಯೂಟರ್ ನೋಡಲು ಬಂದಿದ್ದರು. ಅವರು ಮೆಚ್ಚಿದ ಹೊತ್ತಿಗೇ ವರ್ಗದ ಮಾತು ತೆಗೆಯಬೇಕೆಂದು ಕಾದಿದ್ದೆ. ತರಬೇತಿಯಲ್ಲಿ ಕಲಿತದ್ದು ಇಷ್ಟು: ಯಂತ್ರಕ್ಕೆ ಹೆಸರೆಂದರೆ ಒಂದು ಸಾಲು ಮನೆಗಳು, ಮನೆಗೊಂದು ಇಂಗ್ಲಿಷ್ ಅಕ್ಷರ. ಎಷ್ಟನೇ ಮನೆ ಅಂತ ಹೇಳಿದರೆ ಅಲ್ಲಿದ್ದವರನ್ನು ಕರೆದು ತೋರಿಸುತ್ತದೆ. ನನ್ನ ಪ್ರೋಗ್ರಾಮು ಹೆಸರು ಕೇಳಿ, ಒಂದನೇ ಮನೆಯ ಕದ ಬಡಿದು, ಇದು ನಿಮ್ಮ ಹೆಸರಿನ ಮೊದಲಕ್ಷರ ಅನ್ನುತ್ತದೆ. ಹಿಂದಿನ ದಿನ ನಿನ್ನ ಹೆಸರು ಹಾಕಿ ನೋಡಿದ್ದೆ. 'ಪಿ' ಅಂತ ಚೊಕ್ಕಟವಾಗಿ ಬಂತು.

ಆದರೆ ಮಕ್ಕಳು ಸಾಹೇಬರ ಮುಂದೆ ಹಾಜರಿಯಲ್ಲಿದ್ದಂತೆ ಊರಿನ ಇನಿಶಿಯಲ್ ಸಮೇತ ಹೆಸರು ಒತ್ತಿದರು. ಸರ್ವಮಂಗಳಾಗೂ ಎನ್, ತಿಪ್ಪೇಶನಿಗೂ ಎನ್, ಜಂಪಣ್ಣನಿಗೂ ಎನ್. ಇಡೀ ನ್ಯಾಮತಿಗೆ ಒಂದೇ ಹೆಸರಿಟ್ಟಂತಾಯಿತು. ಹೆಡ್‌ಮಾಸ್ತರರು ಕೆಮ್ಮಿದರು. ಸಾಹೇಬರು ತಾವೇ ಕೂತು 'ಜೆ.ಷಣ್ಮುಖಪ್ಪ' ಅಂತ ಒತ್ತಿದರು. 'ಜೆ' ಬಂತು.

"ಅಲ್ರೀ ಮೇಷ್ಟ್ರೇ, ಇದು ನನ್ನ ಹೆಸರಲ್ಲ, ನಮ್ಮೂರು" ಅಂದರು.

ನನ್ನ ಹಾಳು ಬಾಯಿ ಸುಮ್ಮನಿರುತ್ತದೆಯೇ? "ಹೆಸರಿಗೆ ಮೊದಲು ಊರು ಸಾರ್, ಊರಿಲ್ಲದೆ ನಾವ್ಯಾರು ಸಾರ್" ಅಂದುಬಿಟ್ಟೆ. ಪುಣ್ಯಕ್ಕೆ ನಕ್ಕರು. ಅಲ್ಲೇ ಕೂತು ತಿದ್ದಿದೆ. ಒಂದನೇ ಮನೆಯಲ್ಲಿ ಊರು, ಎರಡನೆಯದರಲ್ಲಿ ಚುಕ್ಕಿ. ಯಂತ್ರದ ಲೆಕ್ಕದಲ್ಲಿ ಚುಕ್ಕಿಯೂ ಒಬ್ಬ ಬಾಡಿಗೆದಾರನೇ. ಹಾಗಾಗಿ ಮೂರನೇ ಮನೆ ಬಡಿ ಅಂದೆ; 'ಎಸ್' ಹೊರಗೆ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ಆದರೂ ಎಡವಿದ ಮೇಲೆ ವರ್ಗದ ಮಾತೆತ್ತಲು ಮುಖವಿರಲಿಲ್ಲ.

ಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡ. ಅತ್ತೆಯವರಿಗೆ ನಮಸ್ಕಾರ, ಮಿಕ್ಕಿದ್ದೆಲ್ಲ ನಿನಗೆ.

ನಿನ್ನ
ಜಯದೇವಪ್ಪ

ತಾ.ಕ.: ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು. ಸಾಹೇಬರು ಜೀಪು ಹತ್ತುವಾಗ, ಆ ಜೆ ಯಾವೂರು ಸಾರ್ ಅಂತ ಕೇಳಿದೆ. ಜಗಳೂರಂತೆ! ನನ್ನ ಹೆಂಡತಿ ಅಲ್ಲೇ ಶಾಲೆಯಲ್ಲಿ ಮೇಡಂ ಸಾರ್ ಅಂದೆ. "ಮೊದಲೇ ಹೇಳಾಕೆ ಏನಾಗಿತ್ರೀ? ಅಲ್ಲಿಗೂ ಒಂದು ಕಂಪ್ಯೂಟರ್ ಬಂದೈತೆ, ಪೆಟ್ಟಿಗೆ ಬಿಚ್ಚೋರೇ ಇಲ್ಲ. ಅರ್ಜಿ ಕಳಿಸ್ರಿ, ನಾ ನೋಡ್ಕಂತೀನಿ" ಅಂದರು. ಈ ಕಾಗದದ ಜೊತೆಗೇ ಅದೂ ಡಬ್ಬಕ್ಕೆ ಬೀಳುತ್ತಿದೆ. ನಾನು ಬಂದ ದಿನ ಏನಾದರೂ ಮಾಡು, ಉಪ್ಪಿಟ್ಟು ಮಾತ್ರ ಬೇಡ.