ಒದ್ದೆ ಮೈಗೇ ಹಚ್ಚಬೇಕು

ಸಾಗರ
೧೮-೧೨-೧೯೬೬

ಪ್ರೀತಿಯ ತಂಗಿ ಭಾಗೀರಥಿಗೆ,

ನಿನ್ನ ಅಕ್ಕ ಸತ್ಯಭಾಮೆಯ ಆಶೀರ್ವಾದ. ನಾನೂ ನಿನ್ನ ಭಾವನೂ ಆರೋಗ್ಯವಾಗಿದ್ದೇವೆ. ನೀನು, ಸುಬ್ಬರಾಯರು, ತುಂಗಾ ಮೂವರೂ ಹಾಗೆಯೇ ಇರಲೆಂದು ದಿನವೂ ದೇವರ ಮುಂದೆ ಹೇಳಿಕೊಳ್ಳುತ್ತೇನೆ. ನಿನ್ನ ಕಾಗದ ಬಂದು ಎರಡು ವಾರವಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಏನೋ ಕೆಲಸ ನೆನಪಾಗಿ ಎದ್ದುಬಿಡುತ್ತಿದ್ದೆ. ಕೆಲಸವೆಂದರೆ ಈ ಮನೆಯಲ್ಲಿ ಈಗ ಏನಿದೆ? ಇಬ್ಬರ ಅಡುಗೆ ಬೇಗ ಮುಗಿದುಹೋಗುತ್ತದೆ.

ತುಂಗಾಳ ಮೊಣಕಾಲ ಹಿಂದೆ ಚರ್ಮ ಬಿರಿದು ರಕ್ತ ಬಂದಿದೆ, ಎಣ್ಣೆ ಹಚ್ಚಲು ಹೋದರೆ ಬಚ್ಚಲ ಬಾಗಿಲು ಹಿಡಿದುಕೊಂಡು "ಅಮ್ಮ ಬಂದು ಹಚ್ಲಿ" ಎಂದು ಕೂಗುತ್ತಾಳೆ ಎಂದು ಬರೆದಿದ್ದೀಯ. ಹೆತ್ತವಳು ನೀನು ಎದುರಿಗೇ ನಿಂತಿರುವಾಗ ಮಗು ಹಾಗೆ ಕೂಗಿದರೆ ನಿನ್ನ ಜೀವ ಎಷ್ಟು ನೊಂದಿರಬೇಡ! ಆದರೂ ಒಂದು ಮಾತಿಗೆ ನಿನ್ನನ್ನು ಬಯ್ಯಬೇಕು. "ನನ್ನದು ಕಾಯಿಲೆಯ ಕೈ ಎಂದು ಅವಳಿಗೂ ಗೊತ್ತೇನೋ" ಎಂದಿದ್ದೀಯಲ್ಲ, ಅದನ್ನು ಇನ್ನೊಮ್ಮೆ ಬರೆಯಬೇಡ. ಕ್ಷಯ ನಿನ್ನ ಎದೆಯಲ್ಲಿತ್ತು, ಕೈಯಲ್ಲಲ್ಲ. ಈಗ ಎದೆಯಲ್ಲೂ ಇಲ್ಲವೆಂದು ಆಸ್ಪತ್ರೆಯವರೇ ಹೇಳಿ ಕಳಿಸಿದ್ದಾರೆ. ಎರಡು ತಿಂಗಳ ಕೂಸನ್ನು ನನ್ನ ಮಡಿಲಿಗೆ ಹಾಕಿ ಹೊರಟ ದಿನ ನೀನು ಅವಳಿಗೆ ಒಂದು ಮುತ್ತು ಕೊಡಲೂ ಹೆದರಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದೆ. ಒಮ್ಮೆ ವಾಸಿಯಾಗಿ, ಮತ್ತೆ ಮರುಕಳಿಸಿ, ನಾಲ್ಕು ವರ್ಷ ಅವಳಿಂದ ದೂರ ಉಳಿದದ್ದು ಅವಳ ಒಳ್ಳೆಯದಕ್ಕೇ ತಾನೆ? ದೊಡ್ಡವಳಾದ ಮೇಲೆ ಅವಳಿಗೆ ಅರ್ಥವಾಗುತ್ತದೆ.

ಈಗ ಅವಳ ಚರ್ಮದ ವಿಷಯ. ನಿಮ್ಮ ಪಕ್ಕದ ಮನೆಯವರು ಇದು ಕಜ್ಜಿ, ಮಕ್ಕಳ ಜೊತೆ ಬಿಡಬೇಡಿ ಎಂದರಂತೆ. ಕಜ್ಜಿಯಲ್ಲ, ಯಾರಿಗೂ ಅಂಟುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳು. ಅವಳಿಗೆ ವರ್ಷ ತುಂಬುವ ಮೊದಲು ಕೈಕಾಲೆಲ್ಲ ಮೀನಿನ ಹುರುಪೆಯಂತೆ ಬಿಳಿ ಸಿಪ್ಪೆ ಎದ್ದಾಗ ನಾನೂ ಗಾಬರಿಬಿದ್ದು ಇಲ್ಲಿಯ ಹಳೇ ಡಾಕ್ಟರ ಹತ್ತಿರ ಓಡಿದ್ದೆ. ಅವರು ಅವಳ ಕೈಯನ್ನು ತಮ್ಮ ಕೆನ್ನೆಗೆ ಒತ್ತಿ ನೋಡಿ, "ಹುಟ್ಟಿನಿಂದ ಬಂದ ಒಣಚರ್ಮ ಇದು ಕಣಮ್ಮ. ನೀರು ಹಿಡ್ಕೊಳ್ಳೋ ಶಕ್ತಿ ಇದಕ್ಕೆ ಕಮ್ಮಿ. ಔಷಧಿಗಿಂತ ಆರೈಕೆ ದೊಡ್ಡದು. ಮೈಯಲ್ಲಿ ನೀರಿರೋವಾಗ್ಲೇ ಜಿಡ್ಡು ಹಚ್ಚಿಬಿಡು, ಆಮೇಲೆ ಹಚ್ಚಿ ಪ್ರಯೋಜನ ಇಲ್ಲ" ಎಂದರು.

ನೀನು ತಪ್ಪುತ್ತಿರುವುದು ಅಲ್ಲೇ ಎಂದು ಕಾಣುತ್ತದೆ. ಬೆಳಿಗ್ಗೆ ಸ್ನಾನ ಮಾಡಿಸಿ, ತಿಂಡಿ ತಿನ್ನಿಸಿ, ಆಮೇಲೆ ಎಣ್ಣೆ ಹಿಡಿದು ಹಿಂದೆ ಓಡುತ್ತೀಯ. ಅಷ್ಟು ಹೊತ್ತಿಗೆ ಮೈ ಒಣಗಿ ಬಿಗಿದಿರುತ್ತದೆ, ಮುಟ್ಟಿದರೆ ಉರಿಯುತ್ತದೆ, ಅವಳು ಅಳುತ್ತಾಳೆ. ನೀರು ಉಗುರು ಬೆಚ್ಚಗಿದ್ದರೆ ಸಾಕು. ಚಳಿಯೆಂದು ಬಚ್ಚಲೊಲೆಯ ಮುಂದೆ ಕೂರಲು ಅವಳಿಗೆ ಬಹಳ ಆಸೆ, ಕೂರಿಸಬೇಡ, ಬೆಂಕಿಯ ಕಾವಿಗೆ ಇನ್ನಷ್ಟು ಬಿರಿಯುತ್ತದೆ. ಸೋಪಿನ ಬದಲು ಹೆಸರುಹಿಟ್ಟಿಗೆ ಹಾಲಿನ ಕೆನೆ ಕಲಸಿಕೋ. ಮೆತ್ತಗಿನ ಹಳೇ ಪಂಚೆಯಿಂದ ಒತ್ತಿ ನೀರು ತೆಗೆಯಬೇಕು, ಉಜ್ಜಬಾರದು. ಮೈ ಇನ್ನೂ ಸ್ವಲ್ಪ ಒದ್ದೆಯಿರುವಾಗಲೇ ಬಚ್ಚಲಲ್ಲೇ ಕೂರಿಸಿಕೊಂಡು ಹಚ್ಚು. ನಾನು ಕಳಿಸಿದ ಮುರುಗಲ ಬೀಜದ ತುಪ್ಪ ಗಟ್ಟಿಯೆಂದು ಒಲೆಯ ಮೇಲಿಟ್ಟು ಕಾಯಿಸಬೇಡ. ಚೂರು ತೆಗೆದು ಅಂಗೈಯಲ್ಲಿ ತಿಕ್ಕಿದರೆ ತಾನೇ ಕರಗುತ್ತದೆ, ಮೇಲೆ ನಾಲ್ಕು ತೊಟ್ಟು ಕೊಬ್ಬರಿ ಎಣ್ಣೆ ಸೇರಿಸಿಕೋ. ಬಿರಿದ ಕಡೆ ಮಲಗುವ ಮುಂಚೆ ದಪ್ಪಗೆ ಇನ್ನೊಮ್ಮೆ ಹಚ್ಚಬೇಕು. ಸುಬ್ಬರಾಯರು ಶಿವಮೊಗ್ಗದಿಂದ ಆಸೆಪಟ್ಟು ತಂದ ಪರಿಮಳದ ಸ್ನೋ ಕ್ರೀಮು ನೀನೇ ಹಚ್ಚಿಕೋ, ಅವಳಿಗೆ ಉರಿ ಬರುತ್ತದೆ. ಹೀಗೆ ದಿನ ಬಿಡದೆ ಮಾಡಿದರೆ ಸಂಕ್ರಾಂತಿಯ ಹೊತ್ತಿಗೆ ತುರಿಕೆ ನಿಂತು ಮಗು ಕೆರೆದುಕೊಳ್ಳದೆ ನಿದ್ದೆ ಮಾಡುತ್ತದೆ. ಮುರುಗಲ ತುಪ್ಪ ಮುಗಿದರೆ ಹೇಳಿ ಕಳಿಸು. ನಿಟ್ಟೂರು ಕಡೆಯಿಂದ ತರುವ ದುಗ್ಗಮ್ಮ ಮೊನ್ನೆಯೂ ಉಂಡೆ ಕಟ್ಟಿ ತಂದಿದ್ದಳು. "ಪಾಪು ಎಲ್ಲಿ, ಕಾಣ್ತಿಲ್ವಲ್ರಾ" ಎಂದು ಒಳಗೆಲ್ಲ ಇಣುಕಿದಳು. ತಾಯಿಯ ಮನೆಗೆ ಹೋಗಿದ್ದಾಳೆ ಎಂದೆ. ಅವಳಿಗೆ ಅರ್ಥವಾಗದೆ ನನ್ನ ಮುಖವನ್ನೇ ನೋಡಿದಳು.

ನಿನ್ನ ಭಾವ ನನ್ನಷ್ಟು ಮಾತಾಡುವವರಲ್ಲ, ನಿನಗೆ ಗೊತ್ತಲ್ಲ. ರೈಲ್ವೆ ಸ್ಟೇಷನ್ನಿನ ಕೆಲಸ ಮುಗಿಸಿ ಬರುವಾಗ ಈಗಲೂ ಅಂಗಡಿಯ ಮುಂದೆ ನಿಂತು ಶುಂಠಿ ಪೆಪ್ಪರಮೆಂಟು ತೆಗೆದುಕೊಂಡುಬಿಡುತ್ತಾರೆ. ಮನೆಗೆ ಬಂದ ಮೇಲೆ ನೆನಪಾಗುತ್ತದೆ. ಮೊನ್ನೆ ನಾನು ಅಳುತ್ತಿದ್ದಾಗ, "ಎಂತಕ್ಕೆ ಅಳ್ತೀಯೆ? ಮಗು ಅವರದ್ದೇ ಅಲ್ವಾ? ನಾವು ಸಾಕಿ ಕೊಟ್ಟಿದ್ದು" ಎಂದರು. "ನೀವು ಸುಮ್ನಿರಿ, ನಿಮಗೆಂತ ಗೊತ್ತಾಗತ್ತೆ" ಎಂದು ಹರಿಹಾಯ್ದೆ. ಅವರು ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಬಾವಿಕಟ್ಟೆಯ ಮೇಲೆ ಮುಖ ಮುಚ್ಚಿಕೊಂಡು ಕೂತಿದ್ದರು.

ದೀಪಾವಳಿ ಮುಗಿಸಿ ನೀವು ಅವಳನ್ನು ಕರೆದೊಯ್ದ ದಿನ ನಾನು ಬಸ್‌ಸ್ಟ್ಯಾಂಡಿನಲ್ಲಿ ಅಳಲಿಲ್ಲವೆಂದು ನಿನಗೆ ಸಮಾಧಾನವಾಗಿತ್ತಲ್ಲವೆ? ಅವಳೂ ಅಳಲಿಲ್ಲ. ಹೊಸ ಫ್ರಾಕು, ಕಿಟಕಿಯ ಪಕ್ಕದ ಸೀಟು, ಅವಳ ಸಂಭ್ರಮಕ್ಕೆ ಕೊನೆಯಿರಲಿಲ್ಲ. ಅತ್ತು ರಂಪ ಮಾಡದಿರಲೆಂದು ಸುಬ್ಬರಾಯರು "ಅಮ್ಮ ಸಂಜೆ ಬಸ್ಸಿಗೆ ಬರ್ತಾಳೆ" ಎಂದು ಅವಳಿಗೆ ಹೇಳಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಯಾವ ತಂದೆಯಾದರೂ ಹಾಗೇ ಹೇಳುತ್ತಿದ್ದ. ಬಸ್ಸು ಹೊರಟಾಗ ಅವಳು ಕಿಟಕಿಯಿಂದ ಕೈ ಚಾಚಿ, "ಅಮ್ಮಾ, ಕತ್ತಲಾಗೋದ್ರೊಳಗೆ ಬಾ ಆಯ್ತಾ" ಎಂದಳು. ನಾನು ಆಯ್ತು ಎಂದೆ.

ಇನ್ನೊಂದು ಮಾತು ಹೇಳುತ್ತೇನೆ, ಇದನ್ನು ನಿನಗೆ ಕೊಡಲು ಇಷ್ಟು ದಿನ ಮನಸ್ಸು ಬರಲಿಲ್ಲ. ಹಚ್ಚಲು ಹೋಗುವಾಗ "ಬಾ ಎಣ್ಣೆ ಹಚ್ತೀನಿ" ಎನ್ನಬೇಡ. ಅಂಗೈಯಲ್ಲಿ ತುಪ್ಪ ಕರಗಿಸಿಕೊಂಡು ಸುಮ್ಮನೆ ಕೂತು, "ಯಾರಿಗೆ ಬಾಯಾರಿದೆ?" ಎಂದು ಕೇಳು. ಅವಳು ಮೊದಲು ಮೊಣಕೈ ಮುಂದೆ ಮಾಡಿ "ಇವಳಿಗೆ" ಎನ್ನುತ್ತಾಳೆ. ಅದಕ್ಕೆ ಕುಡಿಸಿದ ಮೇಲೆ ಮೊಣಕಾಲು, ಆಮೇಲೆ ಹಿಮ್ಮಡಿ. ಒಬ್ಬಳನ್ನು ಮರೆತರೂ "ಅವಳು ಅಳ್ತಿದಾಳೆ" ಎಂದು ನೆನಪಿಸುತ್ತಾಳೆ. ಮೊದಲ ದಿನ ಬರದಿರಬಹುದು. ಎರಡನೆಯ ದಿನವೂ ಬರದಿದ್ದರೆ ನಿನ್ನ ಮೊಣಕೈಗೇ ಹಚ್ಚಿಕೊಳ್ಳುತ್ತ ಕೂತಿರು. ಹೊಟ್ಟೆಕಿಚ್ಚಿನ ಹುಡುಗಿ, ತಾನೇ ಹತ್ತಿರ ಬರುತ್ತಾಳೆ. ಬಂದಾಗ ನೀನು ಅಳಬೇಡ, ಅತ್ತರೆ ಹೆದರುತ್ತಾಳೆ.

ನೀನು ಸರಿಯಾಗಿ ಊಟ ಮಾಡು, ಹಾಲು ಮೊಟಕು ಮಾಡಬೇಡ, ತಣ್ಣೀರಿನಲ್ಲಿ ಬಟ್ಟೆ ಒಗೆಯಬೇಡ. ನಿನ್ನ ಉಸಿರು ಗಟ್ಟಿಯಾಗಿರಲಿ, ಮಗಳ ಮದುವೆ ನೀನೇ ಓಡಾಡಿ ಮಾಡುವಂತಾಗಲಿ. ಸುಬ್ಬರಾಯರಿಗೆ ನಮ್ಮಿಬ್ಬರ ಶುಭಾಶಯ. ತುಂಗಾಳ ಎರಡೂ ಅಂಗೈಗೆ ನನ್ನ ಮುತ್ತು. ಯಾರು ಕೊಟ್ಟದ್ದೆಂದು ಹೇಳದಿದ್ದರೂ ಅಡ್ಡಿಯಿಲ್ಲ.

ನಿನ್ನ ಅಕ್ಕ,
ಸತ್ಯಭಾಮಾ

ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನ ಕೊನೆಯ ಮಾತಿಗೆ ಉತ್ತರ ಕೊಡದೆ ಮುಗಿಸಿಬಿಡಬೇಕೆಂದಿದ್ದೆ, ಆಗಲಿಲ್ಲ. ನಿನ್ನ ಕಾಗದ ಬಂದ ದಿನ, ರಕ್ತ ಬಂದಿದೆ ಎನ್ನುವಲ್ಲಿಗೇ ಓದುವುದು ನಿಲ್ಲಿಸಿ, ಮುರುಗಲ ತುಪ್ಪದ ಡಬ್ಬಿ ಹಿಡಿದು ನಾನು ತೀರ್ಥಹಳ್ಳಿಯ ಬಸ್ಸು ಹತ್ತಿದ್ದೆ. ಬಸ್ಸು ಹೊಸನಗರದಲ್ಲಿ ನಿಂತಾಗ ಉಳಿದದ್ದನ್ನು ಓದಿದೆ. "ಅಕ್ಕಾ, ಅವಳು ನನ್ನನ್ನು ಅಮ್ಮ ಅನ್ನುವವರೆಗೆ ನೀನು ಈ ಕಡೆ ಬರಬೇಡ. ನಿನ್ನ ಕಾಲು ಹಿಡಿಯುತ್ತೇನೆ" ಎಂದಿತ್ತು. ಎದ್ದು ಇಳಿದುಬಿಟ್ಟೆ. ಕಂಡಕ್ಟರ್ ಜಟ್ಟಪ್ಪ, "ಎಂತ ಅಮ್ಮ, ಇಲ್ಲೇ ಇಳಿದ್ರಿ? ತೀರ್ಥಳ್ಳಿ ಟಿಕೆಟ್ ಅಲ್ವಾ ನಿಮ್ದು?" ಎಂದ. "ಇಲ್ಲೇ ಸ್ವಲ್ಪ ಕೆಲಸ ಇತ್ತು. ಈ ಡಬ್ಬಿ ನನ್ನ ತಂಗಿ ಮನೆಗೆ ಮುಟ್ಟಿಸು ಮಾರಾಯ" ಎಂದು ಅವನ ಕೈಗೆ ಕೊಟ್ಟೆ. ಬಸ್ಸು ಹೊರಟುಹೋಯಿತು.

ನೀನು ಬರೆದದ್ದು ಸರಿ. ನಾನು ಬರುವುದಿಲ್ಲ. ಅವಳು ಕೇಳಿದರೆ ಸಾಗರದಲ್ಲಿರುವುದು ನಿನ್ನ ದೊಡ್ಡಮ್ಮ ಎಂದು ಹೇಳು. ಅವಳು ನನ್ನನ್ನು ಕೇಳುವುದು ಬಿಟ್ಟ ದಿನ, ಅದನ್ನು ನನಗೆ ಬರೆಯಬೇಡ ಭಾಗೀರಥಿ. ಚರ್ಮ ಚೆನ್ನಾಗಿದೆ, ಎಣ್ಣೆ ಹಚ್ಚಿಸಿಕೊಳ್ಳುತ್ತಾಳೆ ಎಂದಷ್ಟೇ ಬರೆ. ನನಗೆ ತಿಳಿಯುತ್ತದೆ.